ಮೇಲೂರಿನ ಬಾವಿ ಸರಪಳಿ

ದೆವ್ವ, ಗಾಳಿ, ಸೋಂಕು ಎಂದರೆ ನಗುವವರ ಗುಂಪಿನಲ್ಲಿ ನಾನೂ ಒಬ್ಬನಾಗಿದ್ದೆ. ಚಿಂತಾಮಣಿಯಲ್ಲಿ ನನ್ನದೊಂದು ಟೈರ್ ಅಂಗಡಿ. ಸವೆದ ಟೈರಿಗೆ ಹೊಸ ರಬ್ಬರು ಹಾಕಿಸಿ ಕೊಡುವುದು, ಪಂಕ್ಚರ್, ಗಾಳಿ, ಇದೇ ನನ್ನ ಬದುಕು. ಗಾಡಿ ಜಾರಿತು ಎಂದರೆ ಒಂದೋ ಟೈರು ಸವೆದಿರಬೇಕು, ಇಲ್ಲ ಡ್ರೈವರ್ ತೂಕಡಿಸಿರಬೇಕು, ಮೂರನೆಯ ಕಾರಣ ಇರುತ್ತದೆಂದು ನಾನು ಒಪ್ಪುತ್ತಿರಲಿಲ್ಲ. ಲಾರಿಯವರು ಯಾರಾದರೂ ಘಾಟಿಯಲ್ಲಿ ಬಿಳಿ ಸೀರೆಯವಳನ್ನು ಕಂಡ ಕಥೆ ತೆಗೆದರೆ, "ಮೊದ್ಲು ಮುಂದಿನ ಟೈರ್ ಬದಲಾಯ್ಸಪ್ಪಾ, ಆಮೇಲೆ ಅವಳು ಕಾಣ್ಸಲ್ಲ" ಎಂದು ರೇಗಿಸುತ್ತಿದ್ದೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎರಡು ಸಾವಿರದ ಆರೋ ಏಳೋ ಇಸವಿಯ ಚಳಿಗಾಲ. ನನ್ನ ತಮ್ಮ ಶ್ರೀಧರ ಹಿಮಾಚಲದ ಮೇಲಿನ ಕಣಿವೆಯೊಂದರಲ್ಲಿ ಸುರಂಗದ ಕೆಲಸದ ಸರ್ವೆಗೆ ಹೋಗಿದ್ದ. ಅಲ್ಲಿ ಬಂಡೆಯ ಮೇಲಿಂದ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಸೊಂಟದ ತನಕ ಪ್ಲಾಸ್ಟರ್ ಹಾಕಿ ಕ್ಯಾಂಪಿನಲ್ಲಿ ಮಲಗಿಸಿದ್ದರು. ಹಿಮ ಹೆಚ್ಚಾದರೆ ರಸ್ತೆ ಮುಚ್ಚುತ್ತದೆ, ಆಮೇಲೆ ಬೇಸಿಗೆಯ ತನಕ ಅವನನ್ನು ಕೆಳಗಿಳಿಸಲು ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದರು. ಆ ಸ್ಥಿತಿಯಲ್ಲಿ ಬಸ್ಸು ರೈಲು ಹತ್ತಿಸಿ ಇಳಿಸುವ ಹಾಗಿರಲಿಲ್ಲ. ಅಮ್ಮ ಸರಿಯಾಗಿ ಊಟ ಮಾಡುವುದನ್ನು ಬಿಟ್ಟಳು. ಕಡೆಗೆ ನಮ್ಮ ಅಕ್ಕನ ಗಂಡ ನಾರಾಯಣಸ್ವಾಮಿ ಭಾವ, "ನನ್ ಜೀಪಲ್ಲೇ ಹೋಗಿ ಮಲಗಿಸ್ಕೊಂಡು ಬರಣ ನಡಿಯಯ್ಯಾ" ಎಂದರು. ಭಾವನದು ಶಿಡ್ಲಘಟ್ಟ, ಬಾಡಿಗೆ ಜೀಪು ಓಡಿಸುತ್ತಿದ್ದರು. ತಿರುಪತಿ, ಶಬರಿಮಲೆ ಎಷ್ಟು ಸಲ ಹೋಗಿ ಬಂದಿದ್ದರೋ ಲೆಕ್ಕವಿಲ್ಲ, ಆದರೆ ಹಿಮವನ್ನು ಕಣ್ಣಲ್ಲಿ ಕಂಡವರಲ್ಲ.

ಹಿಮದ ಮೇಲೆ ಟೈರು ಹಿಡಿಯುವುದಿಲ್ಲ ಎನ್ನುವಷ್ಟು ನನಗೆ ಗೊತ್ತಿತ್ತು. ಕಾಶ್ಮೀರದಿಂದ ಸೇಬು ತರುತ್ತಿದ್ದ ಲಾರಿಯವನೊಬ್ಬನನ್ನು ಕೇಳಿದೆ. ಚಕ್ರಕ್ಕೆ ಸರಪಳಿ ಕಟ್ಟದೆ ಹೋಗಲೇಬೇಡಿ ಎಂದ. ಬೆಂಗಳೂರಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ, "ಇಲ್ಲೆಲ್ಲಿ ಸ್ವಾಮಿ ಹಿಮ ಬಿದ್ದಿತ್ತು" ಎಂದು ನಕ್ಕರು. ದಾರಿಯಲ್ಲಿ ಚಂಡೀಗಢದಲ್ಲಿ ಕೊಳ್ಳೋಣವೆಂದರೆ ಭಾವ ಒಪ್ಪಲಿಲ್ಲ. ನಮ್ಮ ಜೀಪಿನ ಅಳತೆಯದು ಅಲ್ಲಿ ಸಿಗದಿದ್ದರೆ ಏನು ಗತಿ ಎಂಬುದು ಅವರ ವಾದ. ಹಿಂದೆ ಮರಳು ಮೂಟೆ ಹೇರಿದರೆ ಚಕ್ರ ಹಿಡಿಯುತ್ತದೆ, ಆದರೆ ಅಲ್ಲಿ ತಮ್ಮ ಮಲಗಬೇಕು. ಟೈರಿನ ಗಾಳಿ ಇಳಿಸುವುದು ಕೆಸರಿಗೆ ಸರಿ, ಬೆಟ್ಟದ ಇಳಿಜಾರಿಗೆ ನಾನೇ ಬೇಡ ಎಂದೆ. ತೆಂಗಿನ ನಾರಿನ ದಪ್ಪ ಹಗ್ಗವನ್ನು ಟೈರಿಗೆ ಸುತ್ತಿ ರಿಮ್ಮಿನ ತೂತಿನಲ್ಲಿ ಬಿಗಿಯುವುದು ಇನ್ನೊಂದು ಉಪಾಯ. ಅದು ಬೇಗ ಸವೆದು ಕಿತ್ತುಹೋಗುತ್ತದೆ ಎಂದು ನಾನು ಮೂಗು ಮುರಿದೆ. ಆದರೂ ಇರಲಿ ಎಂದು ಭಾವ ಎರಡು ಸುರುಳಿ ಹಗ್ಗ ಒಳಗೆ ಹಾಕಿಕೊಂಡರು.

ನಮ್ಮ ಕಡೆ ಕೆರೆಯ ಹೂಳು ಹೊಡೆಯುವ ಟ್ರ್ಯಾಕ್ಟರಿನವರು ಕೆಸರಿನಲ್ಲಿ ಸಿಕ್ಕಿಕೊಂಡಾಗ ಚಕ್ರಕ್ಕೆ ಸರಪಳಿ ಸುತ್ತುವುದುಂಟು. ಅದೇ ನಮಗೆ ದಾರಿ ತೋರಿಸಿತು. ಜಂಗಮಕೋಟೆಯಲ್ಲಿ ಭಾವನ ಪರಿಚಯದ ವೆಲ್ಡರ್ ಒಬ್ಬ ಇದ್ದ. ಏಣಿಯ ಹಾಗೆ ಎರಡು ಉದ್ದ ಸರಪಳಿ, ನಡುವೆ ಅಡ್ಡ ತುಂಡುಗಳು, ತುದಿಗೆ ಕೊಕ್ಕೆ, ಹೀಗೆ ಮಾಡಿಕೊಡುತ್ತೇನೆ ಎಂದ. ಆದರೆ ಅಂಗಡಿಯಲ್ಲಿ ಸಿಕ್ಕಿದ ದನದ ಸರಪಳಿ ತೀರಾ ತೆಳು, ಲಾರಿ ಎಳೆಯುವ ಸರಪಳಿ ತೀರಾ ದಪ್ಪ. ಆಗ ಭಾವನಿಗೆ ಮೇಲೂರಿನ ಬಾವಿ ನೆನಪಾಯಿತು.

ಮೇಲೂರಿನಲ್ಲಿ ನಮ್ಮ ಸೋದರತ್ತೆ ಪಾಪಮ್ಮನ ಮನೆ. ಹಿತ್ತಲಲ್ಲಿ ಸೇದುವ ಬಾವಿ. ಹಗ್ಗ ಪದೇ ಪದೇ ಕಿತ್ತುಹೋಗುತ್ತದೆಂದು ಹಿಂದಿನವರು ಅದಕ್ಕೆ ಕಬ್ಬಿಣದ ಸರಪಳಿ ಹಾಕಿಸಿದ್ದರು. ಸುತ್ತ ಬೋರ್‌ವೆಲ್ ಬಂದ ಮೇಲೆ ಬಾವಿ ಬತ್ತಿ ವರ್ಷಗಳೇ ಆಗಿದ್ದವು. ಬೇರೆ ಮನೆಯವರು ತಮ್ಮ ಒಣ ಬಾವಿಗಳಿಗೆ ಕಸ ತುಂಬಿ ಮುಚ್ಚಿದ್ದರು. ಅತ್ತೆ ಮಾತ್ರ ರಾಟೆಯನ್ನೂ ಸರಪಳಿಯನ್ನೂ ಹಾಗೇ ಬಿಟ್ಟು, ಹಬ್ಬಕ್ಕೊಮ್ಮೆ ಅರಿಸಿನ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದಳು. ಸರಪಳಿಯ ತುದಿ ಒಳಗಿನ ಕತ್ತಲೆಯಲ್ಲಿ ಇಳಿಬಿಟ್ಟಿರುತ್ತಿತ್ತು.

ನಾವು ಕೇಳಿದಾಗ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ವದ್ದು ನಾಯ್ನಾ, ಬೇಡ. ಬಾವಿ ಬತ್ತಿದ್ರೂ ಸರಪಳಿ ತೆಗೀಬಾರ್ದು. ಕೆಳಗಿರೋಳು ಮೇಲೆ ಬರೋಕೆ ಅದೊಂದೇ ದಾರಿ."

"ಕೆಳಗೆ ಯಾರಿದಾರೆ ಅತ್ತೆ, ಹಾವು ಚೇಳು ಬಿಟ್ರೆ?" ಎಂದು ನಾನು ನಕ್ಕೆ.

ಅತ್ತೆ ಸ್ವಲ್ಪ ತಡೆದಳು. ಆಮೇಲೆ "ಗಂಗಮ್ಮ" ಎಂದಳು. ಆ ಹೆಸರು ಹೇಳುವ ಮೊದಲು ಅವಳು ತಡೆದದ್ದು ಯಾಕೆ ಎಂದು ಆಗ ನಾನು ಯೋಚಿಸಲಿಲ್ಲ, ಈಗ ಯೋಚಿಸುತ್ತೇನೆ.

ಶ್ರೀಧರನ ಮಾತು ತೆಗೆದ ಮೇಲೆ ಅವಳ ಮನಸ್ಸು ಕರಗಿತು. ಅವನನ್ನು ಎತ್ತಿ ಆಡಿಸಿದವಳು ಅವಳೇ. "ಮಗೂನ ಕರ್ಕೊಂಡು ಬರೋಕೆ ಅಂದ್ರೆ ತಗೊಂಡ್ಹೋಗಿ. ಆದ್ರೆ ಅಲ್ಲಿ ಬಿಟ್ಟು ಬರ್ಬೇಡಿ ಕಣಪ್ಪಾ. ತುಂಡು ತುಂಡಾದ್ರೂ ಸರಿ, ವಾಪಸ್ ತಂದು ಇಲ್ಲೇ ಕಟ್ಟಿ" ಎಂದಳು. ಆಗಲಿ ಎಂದು ಇಬ್ಬರೂ ತಲೆಯಾಡಿಸಿದೆವು.

ವೆಲ್ಡರ್ ಗ್ಯಾಸಿನ ಬೆಂಕಿ ಹಿಡಿದಾಗ ಸರಪಳಿ ಚುಂಯ್ ಎಂದಿತು. "ನೀರಿಂದ ಈಗ ತೆಗೆದ್ರಾ?" ಎಂದು ಕೇಳಿದ. ಒಣ ಬಾವಿಯದು ಎಂದರೆ ನಂಬಲಿಲ್ಲ. ತುಕ್ಕಿನೊಳಗೆ ಪಸೆ ಇದ್ದಿರಬಹುದು ಎಂದುಕೊಂಡೆವು. ನೀರು ಕಟ್ಟಿದ ಹಿಪ್ಪುನೇರಳೆ ತೋಟದಲ್ಲಿ ಹಿಂದಿನ ಚಕ್ರಗಳಿಗೆ ಕಟ್ಟಿ ಓಡಿಸಿ ನೋಡಿದೆವು. ಜೀಪು ಕೆಸರನ್ನು ಕಚ್ಚಿಕೊಂಡು ಸಲೀಸಾಗಿ ಬಂತು. ನನ್ನ ಅಂಗಡಿಯಲ್ಲಿ ಇಂಥದ್ದನ್ನೇ ಮಾರಿದರೆ ಹೇಗೆ ಎಂದು ಕೂಡ ಒಂದು ಗಳಿಗೆ ಯೋಚಿಸಿದೆ.

ಹೋಗುವ ದಾರಿಯಲ್ಲಿ ಒಂದು ವಿಷಯ ಮಾತ್ರ ನಮ್ಮ ಗಮನಕ್ಕೆ ಬಂತು. ಸರಪಳಿ ತುಂಬಿದ ಗೋಣಿಚೀಲ ಬೆಳಗಾದರೆ ಒದ್ದೆಯಾಗಿರುತ್ತಿತ್ತು. ಪಕ್ಕದಲ್ಲಿದ್ದ ಹಗ್ಗ, ಹಾಸಿಗೆ ಎಲ್ಲ ಒಣಗಿದ್ದವು. ನೀರಿನ ಕ್ಯಾನ್ ಸೋರುತ್ತಿದೆ ಎಂದು ಭಾವ ಅದನ್ನು ಬದಲಾಯಿಸಿದರು. ಚೀಲ ಮತ್ತೆ ಒದ್ದೆಯಾಯಿತು. ನಾವು ಅದರ ಬಗ್ಗೆ ಮಾತಾಡುವುದನ್ನು ಬಿಟ್ಟೆವು.

ಬೆಟ್ಟ ಹತ್ತುವಾಗ ಸರಪಳಿ ಚೆನ್ನಾಗಿಯೇ ಕೆಲಸ ಮಾಡಿತು. ಅಲ್ಲಿನ ಗಾಡಿಗಳೇ ಜಾರುತ್ತಿದ್ದ ಕಡೆ ನಮ್ಮ ಜೀಪು ಏರಿತು. ಶ್ರೀಧರ ನಮ್ಮನ್ನು ನೋಡಿ ಅತ್ತುಬಿಟ್ಟ. ಗಡ್ಡ ಬೆಳೆದು, ಮುಖ ಇಳಿದು ಹೋಗಿತ್ತು. ಮಾರನೆಯ ದಿನ ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಕಿ, ತಲೆ ನಮ್ಮ ಕಡೆ, ಕಾಲು ಹಿಂದಿನ ಬಾಗಿಲ ಕಡೆ ಬರುವಂತೆ ಅವನನ್ನು ಮಲಗಿಸಿದೆವು. ಬೆನ್ನಿಗೆ ದಿಂಬು ಕೊಟ್ಟಿದ್ದರಿಂದ ಅವನಿಗೆ ಹಿಂದಿನ ಗಾಜಿನಿಂದ ಬಿಟ್ಟು ಬಂದ ರಸ್ತೆ ಕಾಣುತ್ತಿತ್ತು.

ಮಧ್ಯಾಹ್ನ ಕಳೆದು ಬೆಳಕು ಮಾಸುತ್ತಿದ್ದ ಹೊತ್ತು. ಇಳಿಜಾರಿನ ನಡುವೆ ಒಂದು ಸಣ್ಣ ಏರು ಬಂತು. ಎಡಕ್ಕೆ ಬಂಡೆ, ಬಲಕ್ಕೆ ಆಳದ ಕಣಿವೆ. ಏರಿನ ಅರ್ಧದಲ್ಲಿ ಜೀಪು ನಿಂತಿತು. ಚಕ್ರ ತಿರುಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಹಿಂದಕ್ಕೆ, ಬಲಕ್ಕೆ ಸರಿಯತೊಡಗಿತು. ಭಾವ ಬ್ರೇಕ್ ಒತ್ತಿ ಹಿಡಿದು, "ಇಳ್ದು ಕಲ್ ಕೊಡಯ್ಯಾ, ಬೇಗ" ಎಂದರು.

ನಾನು ಇಳಿದು ಹಿಂದೆ ಹೋದೆ. ಬಲ ಚಕ್ರದ ಸರಪಳಿಯ ಒಂದು ಕೊಕ್ಕೆ ಬಿಚ್ಚಿಕೊಂಡಿತ್ತು. ಬಿಚ್ಚಿದ ಸರಪಳಿ ಚಕ್ರದ ಬುಡದಲ್ಲಿ ಬಿದ್ದಿರಬೇಕಿತ್ತು. ಹಾಗೆ ಬಿದ್ದಿರಲಿಲ್ಲ. ಹಿಮದ ಮೇಲೆ ನೆಟ್ಟಗೆ, ಬಿಗಿಯಾಗಿ, ರಸ್ತೆಯ ಅಂಚಿನ ತನಕ ಹೋಗಿ ಕಣಿವೆಯ ಕೆಳಕ್ಕೆ ಇಳಿದಿತ್ತು. ನಾವು ಮಾಡಿಸಿದ ಸರಪಳಿ ಚಕ್ರವನ್ನು ಒಂದು ಸುತ್ತು ಬರುವಷ್ಟು ಉದ್ದದ್ದು. ರಸ್ತೆಯ ಅಂಚು ಅಲ್ಲಿಂದ ದೂರವಿತ್ತು. ಆದರೂ ಕಂಡದ್ದು ಅದೇ.

ಜೀಪು ಒಂದೇ ಸಮನೆ ಜಾರುತ್ತಿರಲಿಲ್ಲ. ಒಂದು ಸಲ ಎಳೆದಂತೆ ಹಿಂದಕ್ಕೆ ಬರುವುದು, ನಿಲ್ಲುವುದು, ಮತ್ತೆ ಬರುವುದು. ಪ್ರತಿ ಎಳೆತಕ್ಕೂ ಕೆಳಗಿನಿಂದ ಕಿರ್ರ್ ಎಂಬ ಸದ್ದು. ಎಣ್ಣೆ ಕಾಣದ ರಾಟೆಯ ಸದ್ದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಚಕ್ರದ ಹಿಂದೆ ಇಟ್ಟ ಕಲ್ಲು ಜೀಪಿನ ಜೊತೆಗೇ ಸರಿದು ಬಂತು. ಅಂಚಿಗೆ ಒಂದು ಮಾರು ಕೂಡ ಉಳಿದಿರಲಿಲ್ಲ. ಭಾವ ಬೇಕಾದರೆ ಹಾರಿಕೊಳ್ಳಬಹುದಿತ್ತು. ಒಳಗಿದ್ದವನು ಮಗ್ಗುಲು ಕೂಡ ತಿರುಗಲಾರ. ಅಮ್ಮನಿಗೆ ಏನು ಹೇಳಲಿ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಆಗ ಒಳಗಿನಿಂದ ಶ್ರೀಧರ ಕೂಗಿದ. "ಸರಪಳಿ ಬಿಟ್ಬಿಡಿ ಅಣ್ಣ. ಅದನ್ನ ಬಿಟ್ಬಿಡಿ."

ಸರಪಳಿ ಬಿಚ್ಚಿದ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಚಕ್ರದ ಬುಡ ಅವನಿಗೆ ಕಾಣುವಂತೆಯೂ ಇರಲಿಲ್ಲ. ಅದನ್ನೆಲ್ಲ ಯೋಚಿಸಲು ಆಗ ಪುರುಸೊತ್ತೆಲ್ಲಿ. ವೀಲ್ ಸ್ಪ್ಯಾನರ್ ತೆಗೆದುಕೊಂಡು, ಸರಪಳಿಯನ್ನು ಚಕ್ರಕ್ಕೆ ಹಿಡಿದಿದ್ದ ಇನ್ನೊಂದು ಕೊಕ್ಕೆಗೆ ಹೊಡೆದೆ. ಅತ್ತೆಗೆ ಕೊಟ್ಟ ಮಾತು ನೆನಪಿತ್ತು. ನೆನಪಿದ್ದೇ ಹೊಡೆದೆ. ಕೊಕ್ಕೆ ಕಳಚಿತು, ಜೀಪು ಗಕ್ಕನೆ ನಿಂತಿತು. ಸರಪಳಿ ಹಿಮದ ಮೇಲೆ ಸರಸರನೆ ಹರಿದು ಅಂಚು ದಾಟಿತು. ಕೆಳಗೆ ಇಳಿಯುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಕಡೆಯಲ್ಲಿ ಬಿಂದಿಗೆ ನೀರಿಗೆ ಬಿದ್ದಂತೆ ಗುಳುಂ ಎಂದಿತು. ಆ ಕಣಿವೆಯ ಹೊಳೆ ಹೆಪ್ಪುಗಟ್ಟಿ ಕಲ್ಲಾಗಿತ್ತು, ಹೋಗುವಾಗ ನಾವೇ ನೋಡಿದ್ದೆವು.

ಭಾವ ಇಳಿದು ಬಂದರು. ಎಡ ಚಕ್ರದ ಸರಪಳಿಯನ್ನು ತಾವೇ ಬಿಚ್ಚಿ, ಅದೇ ಕಡೆಗೆ ಎಸೆದರು. ಇಬ್ಬರೂ ನಾರಿನ ಹಗ್ಗ ಸುತ್ತಿ ಬಿಗಿದೆವು. ನಾನು ಮೂಗು ಮುರಿದಿದ್ದ ಆ ಹಗ್ಗವೇ ನಮ್ಮನ್ನು ಕೆಳಗಿನ ಊರಿಗೆ ಮುಟ್ಟಿಸಿತು.

ಊರಿಗೆ ಬಂದು ಶ್ರೀಧರನನ್ನು ಅಮ್ಮನ ಕಣ್ಣ ಮುಂದೆ ಮಲಗಿಸಿದ ಮೇಲೆ ನಾನೂ ಭಾವನೂ ಮೇಲೂರಿಗೆ ಹೋದೆವು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಖಾಲಿ ಕೈ ನೋಡಿದಳು. ಬೈಯಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಬಾವಿ ತೋರಿಸಿದಳು. ಬಾವಿಯಲ್ಲಿ ನೀರಿತ್ತು. ಮಳೆ ಬಿದ್ದಿರಲಿಲ್ಲ, ಕೆರೆ ಒಣಗಿತ್ತು, ಆದರೂ ಕಪ್ಪಗೆ, ಅಲುಗದೆ, ಅರ್ಧ ಬಾವಿ ನೀರಿತ್ತು. ಬಗ್ಗಿದರೆ ಮುಖಕ್ಕೆ ಹಿಮದ ಗಾಳಿಯಂಥ ಥಂಡಿ ಬಡಿಯಿತು. ಒಂದು ಸಂಜೆ ರಾಟೆ ತಾನೇ ತಿರುಗಿತೆಂದೂ, ಆಮೇಲೆ ಒಳಗೆ ಗುಳುಂ ಎಂದಿತೆಂದೂ ಅತ್ತೆ ಹೇಳಿದಳು. ಅದು ಯಾವ ಸಂಜೆ ಎಂದು ನಾವು ಕೇಳಲಿಲ್ಲ.

"ದಾರಿ ಇಲ್ದೋಳು ಎಲ್ಲಿಂದ ಮೇಲೆ ಬರ್ತಾಳೋ ಈಗ" ಎಂದಷ್ಟೇ ಅತ್ತೆ ಹೇಳಿದ್ದು.

ಅತ್ತೆ ಈಗಿಲ್ಲ. ಶ್ರೀಧರ ಚೆನ್ನಾಗಿ ನಡೆಯುತ್ತಾನೆ, ಗೌರಿಬಿದನೂರಿನಲ್ಲಿ ಕೆಲಸ, ಮದುವೆಯಾಗಿ ಮಕ್ಕಳಿದ್ದಾರೆ. ಆದರೆ ಮೇಲೂರಿಗೆ ಮಾತ್ರ ಬರುವುದಿಲ್ಲ. ಹಿಮದ ಕೆಳಗಿನ ಬಂಡೆಗೆ ಸರಪಳಿ ಸಿಕ್ಕಿತ್ತು, ಭಯಕ್ಕೆ ಉದ್ದವಾಗಿ ಕಂಡಿತು, ಸದ್ದು ಹಿಮ ಕುಸಿದದ್ದು, ಹೀಗೆ ನಾನು ನನಗೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಹೋದ ದೀಪಾವಳಿಗೆ ಅವನು ಮನೆಗೆ ಬಂದಾಗ, ಅಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿದೆ. ಅವತ್ತು ಹಿಂದಿನ ಗಾಜಿನಲ್ಲಿ ಏನು ಕಂಡೆ ಎಂದೆ. ಅವನು ತೊಡೆಯ ಹಳೇ ಗಾಯದ ಮೇಲೆ ಕೈ ಇಟ್ಟುಕೊಂಡ.

"ರಸ್ತೆ ಅಂಚಲ್ಲಿ ನಿಂತ್ಕೊಂಡು ಒಬ್ಳು ಸರಪಳಿ ಸೇದ್ತಿದ್ಲು ಕಣಣ್ಣ" ಎಂದ. "ನಮ್ ಕಡೆ ಹೆಂಗಸ್ರು ಸೇದೋ ಹಾಗೇ, ಒಂದು ಕೈ ಆದ್ಮೇಲೆ ಒಂದು ಕೈ. ನನ್ ಮುಖಾನೇ ನೋಡ್ತಾ ಸೇದ್ತಿದ್ಲು."

ಸುತ್ತಲಿನ ಬೋರ್‌ವೆಲ್‌ಗಳೆಲ್ಲ ನಿಂತುಹೋಗಿವೆ, ಆ ಬಾವಿಯಲ್ಲಿ ಮಾತ್ರ ಈಗಲೂ ನೀರಿದೆ. ಯಾರೂ ಸೇದುವುದಿಲ್ಲ. ರಾಟೆ ಖಾಲಿಯಾಗಿ ನಿಂತಿದೆ. ಅದಕ್ಕೆ ಹೊಸ ಸರಪಳಿ ಹಾಕಿಸಬೇಕೋ ಬೇಡವೋ ಎನ್ನುವುದನ್ನು ನಾವು ಮೂವರೂ ಇನ್ನೂ ತೀರ್ಮಾನಿಸಿಲ್ಲ.