ಹನ್ನೆರಡು ಸಿಗಡಿ, ಹತ್ತು ಬೆರಳು

ಮೊದಲು ಕೈಬಿಟ್ಟಿದ್ದು ದಾರ.

ಮೆಟ್ಟೂರು ಬಸ್ ಸ್ಟ್ಯಾಂಡಿನ ಎದುರು ಕೂತು ಹದಿನಾಲ್ಕು ವರ್ಷ ಹೂ ಕಟ್ಟಿದವಳು ನಾನು. ಕಡಯಂಪಟ್ಟಿ ಕಡೆಯಿಂದ ಬೆಳಗಿನ ಬಸ್ಸಿಗೆ ಮಲ್ಲಿಗೆ ಮೊಗ್ಗು ಬರುತ್ತದೆ. ಹೂ ಕಟ್ಟುವವಳು ಕೈ ನೋಡುವುದಿಲ್ಲ. ಕಣ್ಣು ಗಿರಾಕಿಯ ಮೇಲೆ, ಬಾಯಿ ಪಕ್ಕದ ಹಣ್ಣಿನ ಗಾಡಿಯವಳ ಜೊತೆ. ಬೆರಳು ತನ್ನ ಪಾಡಿಗೆ ತಾನು ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ಇಟ್ಟು, ದಾರ ಸುತ್ತಿ, ಕುಣಿಕೆ ಹಾಕಿ ಎಳೆಯುತ್ತದೆ. ಗಂಟು ಬಿಗಿಯಾಯಿತೋ ಇಲ್ಲವೋ ಎಂದು ಹೇಳುವುದು ಬೆರಳ ತುದಿ. ಆ ದಿನ ಅದು ಏನೂ ಹೇಳಲಿಲ್ಲ. ತಲೆ ಬಗ್ಗಿಸಿ ನೋಡಿದರೆ ಅರ್ಧ ಮೊಳ ಹೂ ಬಿಚ್ಚಿಕೊಂಡು ಮಡಿಲಲ್ಲಿ ಬಿದ್ದಿತ್ತು.

ಹಿಂದಿನ ವಾರ ಹೊಟ್ಟೆ ಕೆಟ್ಟಿತ್ತು. ಅದರ ಸುಸ್ತು ಅಂದುಕೊಂಡೆ. ಒಂದು ಸೋಡಾ ಕುಡಿದೆ. ಮಾರನೆಯ ದಿನ ಪಾದ ಜುಮ್ಮೆಂದಿತು. ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ನೋಡಿಯೇ ತಿಳಿಯಬೇಕಾಯಿತು.

ಮೂರನೆಯ ದಿನ ಬಚ್ಚಲಿನಲ್ಲಿ ಕೂತವಳು ಏಳಲಾಗಲಿಲ್ಲ.

ನಮ್ಮವರು, ಮುರುಗೇಶ, ನನ್ನನ್ನು ಎತ್ತಿಕೊಂಡು ಆಟೋಗೆ ಹಾಕಿದರು. ಸೇಲಂನ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕೈಯೂ ಏಳುತ್ತಿರಲಿಲ್ಲ. ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿದರು, ಬೆನ್ನಿನಿಂದ ನೀರು ತೆಗೆದರು. ಡಾಕ್ಟರು ಜಿಬಿಎಸ್ ಅಂದರು. ನನ್ನ ಮೈಯೇ ನನ್ನ ನರಗಳನ್ನು ಶತ್ರು ಅಂದುಕೊಂಡು ಹೊಡೆಯುತ್ತಿದೆಯಂತೆ. ಅತ್ತೆಯೊಡನೆ ನನಗೆ ಜಗಳವಾಗಿದ್ದುಂಟು, ನಾದಿನಿಯೊಡನೆ ಆಗಿದ್ದುಂಟು. ನನ್ನೊಡನೆ ನಾನೇ ಜಗಳಕ್ಕೆ ಬೀಳುತ್ತೇನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಐದು ದಿನ ಇಮ್ಯುನೋಗ್ಲಾಬುಲಿನ್ ಡ್ರಿಪ್. ಹನ್ನೊಂದು ದಿನ ಐಸಿಯು. ಉಸಿರಾಟ ನಿಂತರೆ ವೆಂಟಿಲೇಟರ್ ಅಂದಿದ್ದರು, ದೇವರ ದಯೆ, ಅಷ್ಟು ದೂರ ಹೋಗಲಿಲ್ಲ. ಆಗ ಮೈಯಲ್ಲಿ ಕೆಲಸ ಮಾಡುತ್ತಿದ್ದದ್ದು ಬಾಯಿ ಒಂದೇ. ಅದಕ್ಕೆ ನಾನು ಒಂದು ಗಳಿಗೆಯೂ ಬಿಡುವು ಕೊಡಲಿಲ್ಲ ಎಂದು ನಮ್ಮವರು ಈಗಲೂ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ. ನಿಜ ಹೇಳಬೇಕೆಂದರೆ ಮಾತು ನಿಲ್ಲಿಸಲು ಹೆದರಿಕೆಯಾಗುತ್ತಿತ್ತು.

ಎರಡು ತಿಂಗಳಿಗೆ ಕಾಲು ಬಂತು. ಹಿಡಿದುಕೊಂಡು, ಎಳೆದುಕೊಂಡು, ಅಂತೂ ನಡೆದೆ. ಕೈಯೂ ಏಳತೊಡಗಿತು. ಬೆರಳ ತುದಿ ಮಾತ್ರ ಬರಲಿಲ್ಲ. ಡಾಕ್ಟರನ್ನು ಕೇಳಿದೆ.

“ನಡಿಗೆ ಪೂರ್ತಿ ಬರುತ್ತದಮ್ಮಾ. ಸೆನ್ಸೇಷನ್ ಎಷ್ಟು ಬರುತ್ತದೋ ಹೇಳಲಾರೆ. ನರ ನಿಧಾನ.”

ಬೆರಳಿಗೆ ಸ್ಪರ್ಶವಿಲ್ಲದ ಹೂಗಾರ್ತಿ ಎಂದರೆ ಏನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಸ್ಸಿನಲ್ಲಿ ಮನೆಗೆ ಬರುವಾಗ ಮೇಚೇರಿ ದಾಟುವವರೆಗೂ ಅಳುತ್ತಲೇ ಇದ್ದೆ.

ವಾರಕ್ಕೆರಡು ಸಲ ಫಿಸಿಯೋಗೆ ಹೋಗಬೇಕಿತ್ತು. ಅಲ್ಲಿನ ಮೇಡಂ ನನಗಿಂತ ಚಿಕ್ಕವರು, ಮಾತು ಮಾತ್ರ ಹೆಡ್‌ಮಿಸ್‌ದು. ಕಣ್ಣು ಮುಚ್ಚಿಸಿ ಹತ್ತಿಯಿಂದ ಬೆರಳು ಸವರಿ “ತೆರಿಯುದಾ? ಗೊತ್ತಾಗುತ್ತಾ?” ಎಂದು ಕೇಳುತ್ತಿದ್ದರು. ಒಂದು ದಿನ ಬೇಸತ್ತು “ಗೊತ್ತಾಗ್ತಿದೆ” ಎಂದುಬಿಟ್ಟೆ.

“ನಾನಿನ್ನೂ ಮುಟ್ಟೇ ಇಲ್ಲ” ಎಂದರು.

ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿದೆ. ಆಗ ಕಂಡದ್ದು ಆ ಗಾಜಿನ ತೊಟ್ಟಿ.

ಕಿಟಕಿಯ ಪಕ್ಕ, ಒಂದಡಿ ಉದ್ದದ್ದು. ನನ್ನ ಕಣ್ಣಿಗೆ ಅಷ್ಟು ದಿನವೂ ಬಿದ್ದಿರಲಿಲ್ಲ. ಒಳಗೆ ಒಂದು ಕಟ್ಟಿಗೆ, ಅದರ ತುಂಬ ಹಸಿರು ಪಾಚಿ, ಪಾಚಿಯ ಮೇಲೆ ಉಗುರಿನಷ್ಟು ಉದ್ದದ ಕೆಂಪು ಸಿಗಡಿಗಳು. ಹತ್ತಿರ ಹೋಗಿ ನೋಡಿದೆ. ಅಯ್ಯೋ, ಅವುಗಳ ಕೈಗಳೇ! ಕೂದಲಿನಷ್ಟು ಸಣ್ಣ ಕೈಗಳು, ಒಂದು ಕ್ಷಣ ಸುಮ್ಮನಿಲ್ಲ. ಕಿತ್ತು ಬಾಯಿಗೆ, ಕಿತ್ತು ಬಾಯಿಗೆ. ಒಂದು ಕಡೆಯಿಂದ ಕಿತ್ತುಕೊಂಡು ಹೋಗುವುದು, ಇನ್ನೊಂದು ಕಡೆಯಿಂದ ತಿರುಗಿ ಬರುವುದು. ನನಗೆ ಹೊಟ್ಟೆಕಿಚ್ಚಾಯಿತು. ಜೊತೆಗೆ ಅಷ್ಟು ದಿನಗಳ ಮೇಲೆ ಮೊದಲ ಸಲ ಏನೋ ಒಂದು ಬೇಕು ಅನ್ನಿಸಿತು.

“ಮೇಡಂ, ನನಗೂ ಬೇಕು.”

ಮೇಡಂ ನಕ್ಕರು. ಒಂದು ಹಿಡಿ ಪಾಚಿಯನ್ನು ಕವರಿಗೆ ಹಾಕಿ ಕೊಟ್ಟರು. “ಇದನ್ನು ಕಟ್ಟಿಗೆಗೆ ದಾರದಿಂದ ಕಟ್ಟಬೇಕು. ಬೇರೆ ಯಾರೂ ಕೈ ಹಾಕಬಾರದು. ಕಟ್ಟಿ ಫೋಟೋ ತೋರಿಸಿದರೆ ಸಿಗಡಿ ಕೊಡುತ್ತೇನೆ.”

ಮನೆಗೆ ಬಂದು ಹೇಳಿದಾಗ ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅವರು ಎಳವೆಯಿಂದ ಕುರಿ ಸಾಕಿದವರು, ಲೆಕ್ಕಕ್ಕೆ ಬಾರದ ಪ್ರಾಣಿಯನ್ನು ಮನೆಗೆ ತಂದದ್ದೇ ಇಲ್ಲ.

“ಏನಮ್ಮೀ ಇದು! ತೊಟ್ಟೀಲಿ ಪಾಚಿ ಬಂದ್ರೆ ತೆಂಗಿನ ನಾರಾಕಿ ಉಜ್ಜಿ ಉಜ್ಜಿ ತೆಗೀತೀವಿ. ನೀನು ದಾರ ಆಕಿ ಕಟ್ಟಿ ಬೆಳೆಸ್ತೀಯಾ?”

“ಊಂ ಅತ್ತೆ. ಅದ್ರಾಗೆ ಸಿಗಡಿ ಬಿಡ್ತೀನಿ.”

“ಅಂಗಾದ್ರೆ ಸರಿ. ಉರಿಯೋದು ಯಾವಾಗ?”

ಅವನ್ನು ಹುರಿಯುವುದಿಲ್ಲ, ನೋಡುವುದು ಅಷ್ಟೇ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ನಮ್ಮವರು ಮಾತ್ರ ನನಗಿಂತ ಹುರುಪಾದರು. ಅಂಗಡಿಯಲ್ಲಿ ಐದು ಗಾಜು ಕತ್ತರಿಸಿಕೊಂಡು, ಸಿಲಿಕಾನ್ ಗಮ್ ತಂದು, ಒಂದೇ ಭಾನುವಾರದಲ್ಲಿ ತೊಟ್ಟಿ ಅಂಟಿಸಿದರು. ತಳಕ್ಕೆ ತೊಳೆದ ಸಣ್ಣ ಜಲ್ಲಿ. ಗುಳುಗುಳು ಗಾಳಿ ಬಿಡುವ ಮೋಟರು, ಅದಕ್ಕೊಂದು ಸ್ಪಂಜು. ಮೇಲೊಂದು ಎಲ್‌ಇಡಿ ದೀಪ. ಕಟ್ಟಿಗೆಗೆ ಹಳೆಯ ಹುಣಸೆ ಬೇರು ಕುದಿಸಿ ಇಟ್ಟರು. ಪಾಚಿ ಕಟ್ಟುವುದೊಂದು ಬಾಕಿ.

ಮೊಗ್ಗಿಗಾದರೆ ಹಿಡಿಯಲು ತೊಟ್ಟು ಇರುತ್ತದೆ. ಪಾಚಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಒದ್ದೆ ಬೇರೆ. ಬೆರಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಕಣ್ಣಿನಿಂದಲೇ ಎಲ್ಲವನ್ನೂ ಮಾಡಬೇಕು. ಮೊದಲ ದಿನ ಮೂರು ಗಂಟು ಹಾಕಿದೆ, ಮೂರೂ ಜಾರಿದವು. ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಅತ್ತೆ ಎರಡು ಸಲ ಕೈ ಚಾಚಿದರು, ಎರಡು ಸಲವೂ ಗದರಿದೆ. ಒಂದು ಗೇಣು ಬೇರಿಗೆ ನಾಲ್ಕು ದಿನ ಬೇಕಾಯಿತು. ಐದನೆಯ ದಿನ ನೋಡುತ್ತೇನೆ, ನನಗೇ ತಿಳಿಯದಂತೆ ಪಾಚಿಯ ಎಳೆಯನ್ನು ಎರಡು ಈ ಕಡೆ, ಎರಡು ಆ ಕಡೆ ಇಟ್ಟು ಹೂವಿನ ಗಂಟು ಹಾಕಿದ್ದೇನೆ! ಬೇರಿಗೆ ಪಾಚಿ ಸುತ್ತಿಲ್ಲ, ಮಾಲೆ ಹಾಕಿದ್ದೇನೆ. ಫೋಟೋ ನೋಡಿದ ಮೇಡಂ ವಾರ್ಡಿನ ಎಲ್ಲರನ್ನೂ ಕರೆದು ತೋರಿಸಿದರು. “ಪಾಚಿಗೆ ಸರ ಕಟ್ಟಿದವರನ್ನು ಇವತ್ತೇ ನೋಡಿದ್ದು” ಎಂದರು. ನನಗಂತೂ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ನೀರು ಹದವಾಗಲು ಇನ್ನೂ ಒಂದು ತಿಂಗಳು ಕಾಯಬೇಕು ಎಂದರು ಮೇಡಂ. ಪಾಚಿ ಹೊಸ ತುದಿ ಬಿಟ್ಟಿತು. ದಿನಕ್ಕೆ ಹತ್ತು ಸಲ ನೋಡಿದೆ, ಹತ್ತು ಸಲವೂ ಬೆಳೆದ ಹಾಗೇ ಕಂಡಿತು. ಕೊನೆಗೂ ಒಂದು ಬುಧವಾರ ಹನ್ನೆರಡು ಸಿಗಡಿ ನೀರಿನ ಕವರಿನಲ್ಲಿ ನನ್ನ ಮಡಿಲೇರಿ ಸೇಲಂನಿಂದ ಬಸ್ಸಿನಲ್ಲಿ ಹೊರಟವು. ಮುಂದಿನ ಸೀಟಿನವರಿಗೆ ತೋರಿಸಿದೆ. ಹಿಂದಿನ ಸೀಟಿನವರು ತಾವಾಗಿ ಎದ್ದು ಬಂದರು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ಎಣಿಸಿದ, ಹನ್ನೊಂದು ಅಂದ. ನಾನು ಬಿಡುತ್ತೇನೆಯೇ, ಮತ್ತೆ ಎಣಿಸಿದೆವು, ಹನ್ನೆರಡೇ. ತೊಟ್ಟಿಗೆ ಬಿಟ್ಟ ಅರ್ಧ ಗಂಟೆಯಲ್ಲಿ ಒಂದೊಂದೇ ನಾನು ಕಟ್ಟಿದ ಪಾಚಿಯ ಮೇಲೇರಿ ಮೇಯತೊಡಗಿದವು. ಅತ್ತೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತರು. “ಕುರಿ ಮೇದಂಗೇ ಮೇಯ್ತಾವೆ ಕಣಮ್ಮೀ” ಎಂದರು. ಆಮೇಲೆ ಹುರಿಯುವ ಮಾತು ಬರಲಿಲ್ಲ.

ಐದು ವಾರ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ. ಒಂದು ಹೆಣ್ಣು ಸಿಗಡಿ ಹೊಟ್ಟೆಯಡಿಯಲ್ಲಿ ಹಳದಿ ಮೊಟ್ಟೆ ಹೊತ್ತುಕೊಂಡಿತು. ಅದನ್ನು ನೋಡಲು ಬೀದಿಯ ಹೆಂಗಸರೆಲ್ಲ ಬಂದರು. ಆ ದಿನಗಳಲ್ಲಿ ನಾನು ರೋಗಿ ಎಂಬುದೇ ನನಗೆ ಮರೆತುಹೋಗುತ್ತಿತ್ತು. ಯಾರಾದರೂ ಮನೆಗೆ ಬಂದರೆ “ಹೇಗಿದೆ ಕೈ?” ಎಂದು ಕೇಳುವ ಮೊದಲು “ಹೇಗಿದೆ ಮೊಟ್ಟೆ?” ಎಂದು ಕೇಳುತ್ತಿದ್ದರು. ಬೆರಳು ಮಾತ್ರ ಹಾಗೇ ಇತ್ತು. ಹತ್ತಿ ಸವರಿದರೂ ಇಲ್ಲ, ಸೂಜಿ ಚುಚ್ಚಿದರೂ ಇಲ್ಲ.

ಒಂದು ಬೆಳಿಗ್ಗೆ ಮೂರು ಸಿಗಡಿ ಮಗುಚಿ ಬಿದ್ದಿದ್ದವು.

ಮಧ್ಯಾಹ್ನಕ್ಕೆ ಆರು. ಸಂಜೆಗೆ ಎಂಟು.

ಮೇಡಂಗೆ ಫೋನ್ ಮಾಡಿ ಅತ್ತುಬಿಟ್ಟೆನೋ, ಕೂಗಿದೆನೋ ನೆನಪಿಲ್ಲ. ನೀರಿಗೆ ಹೊಸದಾಗಿ ಏನು ಸೇರಿಸಿದಿರಿ ಎಂದು ಅವರು ಕೇಳಿದರು. ಏನೂ ಇಲ್ಲ ಎಂದೆ. ಪಕ್ಕದಲ್ಲಿದ್ದ ಅತ್ತೆ ಮೆಲ್ಲಗೆ ಬಾಯಿ ಬಿಟ್ಟರು.

“ಬಿಸ್ಲಿಗೆ ನೀರು ಇಳ್ದಿತ್ತು ಕಣಮ್ಮೀ. ಒಂದು ವಾರದಿಂದ ನಾನೇ ಸುರೀತಿದ್ದೆ. ನಮ್ಮ ತಾಮ್ರದ ಕೊಡದ್ದು.”

ನಾನು ಆಸ್ಪತ್ರೆಯಿಂದ ಬಂದಂದಿನಿಂದ ಅತ್ತೆ ಹಿಂದಿನ ದಿನವೇ ತಾಮ್ರದ ಕೊಡ ತುಂಬಿಟ್ಟು ಬೆಳಿಗ್ಗೆ ಒಂದು ಚೊಂಬು ನೀರು ಕುಡಿಸುತ್ತಿದ್ದರು. ನರಕ್ಕೆ ಒಳ್ಳೆಯದೆಂದು ಅವರ ನಂಬಿಕೆ. ಆ ನೀರನ್ನು ಮನೆಯಲ್ಲಿ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಫೋನಿನಲ್ಲಿ ಮೇಡಂ “ತಾಮ್ರವಾ?” ಎಂದು ಕಿರುಚಿದರು. ಮನುಷ್ಯರು ತಾಳಿಕೊಳ್ಳುವಷ್ಟು ತಾಮ್ರ ಸಿಗಡಿಗೆ ವಿಷವಂತೆ.

“ನೀವೇ ಸಾಯ್ಸಿಬಿಟ್ರಿ” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೈ ಹೋಯಿತು, ಕೆಲಸ ಹೋಯಿತು, ಇದೊಂದಿತ್ತು, ಇದನ್ನೂ ಕಳೆದಿರಿ ಎಂದೆ. ಏಳು ತಿಂಗಳಿಂದ ರೋಗಕ್ಕೆ ಬಯ್ಯಬೇಕಾದದ್ದನ್ನೆಲ್ಲ ಅವರಿಗೆ ಬಯ್ದೆ. ನನ್ನ ಮಲಮೂತ್ರ ಎತ್ತಿದ ಹೆಂಗಸು ಅವರು.

ಅತ್ತೆ ತೊಟ್ಟಿಯ ಮುಂದೆ ಕೂತರು. “ನಿಂಗೆ ಕೊಡೋ ನೀರೇ ಅವಕ್ಕೂ ಕೊಟ್ಟೆ ಕಣಮ್ಮಾ. ನಮ್ಮನೇವೇ ಅಲ್ವಾ ಅವೂ” ಎಂದರು.

ನನಗೆ ಬಂದ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹೋದ ಜಾಗದಲ್ಲಿ ನಾಚಿಕೆ ಬಂತು.

ಮಾರನೆಯ ದಿನ ಎದ್ದಾಗ ಅತ್ತೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಲ್ಲಿ ನೀರು ಹಿಡಿದು ಬಿಸಿಲಿಗಿಟ್ಟು ಅದರ ಕಾವಲಿಗೆ ಕೂತಿದ್ದರು. ಮೇಡಂ ಹೇಳಿದ ಹಾಗೆ ದಿನಕ್ಕೊಂದು ಪಾಲು ಹಳೆಯ ನೀರು ತೆಗೆದು ಹೊಸದು ಹಾಕುತ್ತ ಬಂದೆವು. ಅವರು ಸುರಿಯುವುದು, ನಾನು ತೊಟ್ಟಿಗೆ ಕೈಬಿಟ್ಟು ತಳ ಒಪ್ಪ ಮಾಡುವುದು. ಎಂಟು ಹೋದವು, ನಾಲ್ಕು ಉಳಿದವು. ಮೊಟ್ಟೆಯ ತಾಯಿ ಉಳಿದವುಗಳಲ್ಲಿತ್ತು. ಹನ್ನೆರಡನೆಯ ದಿನ ಪಾಚಿಯೊಳಗೆ ಏನೋ ಮಿಸುಕಿತು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮರಿಗಳು, ಹುಟ್ಟಿದ ಗಳಿಗೆಯಿಂದಲೇ ಮೇಯುತ್ತಿದ್ದವು! ನಾನು ಕೂಗಿದ ಕೂಗಿಗೆ ನಮ್ಮವರು ಅರ್ಧ ಕ್ಷೌರದ ಮುಖದಲ್ಲೇ ಓಡಿ ಬಂದರು. ಎಣಿಸಲು ಹೋಗಿ ಇಪ್ಪತ್ತಕ್ಕೆ ಸೋತೆವು.

ಹೋದ ವಾರ ನೀರು ಬದಲಿಸುವ ದಿನ. ಪಾಚಿಯ ಒಂದು ಕಡೆ ಬಿಚ್ಚಿತ್ತು, ಅದನ್ನು ಸರಿಪಡಿಸಲು ಬಲಗೈ ಇಳಿಬಿಟ್ಟು ನಮ್ಮವರೊಡನೆ ಅದೇನೋ ಮಾತಾಡುತ್ತಿದ್ದೆ. ಕಣ್ಣು ಅವರ ಕಡೆಗಿತ್ತು. ತೋರುಬೆರಳಿನ ತುದಿಯಲ್ಲಿ ಯಾರೋ ಸೂಕ್ಷ್ಮವಾಗಿ ಚಿವುಟಿದಂತಾಯಿತು.

ಮಾತು ನಿಲ್ಲಿಸಿದೆ.

ತಿರುಗಿ ನೋಡಿದೆ. ತಾಯಿ ಸಿಗಡಿ ನನ್ನ ಬೆರಳ ಮೇಲೆ ನಿಂತು ಚರ್ಮ ಮೇಯುತ್ತಿತ್ತು. ಕಣ್ಣು ಮುಚ್ಚಿದೆ. ಇತ್ತು. ಚಿಟ್, ಚಿಟ್, ಚಿಟ್. ತೋರುಬೆರಳಿನಲ್ಲಿ ಸ್ಪಷ್ಟವಾಗಿ, ನಡುಬೆರಳಿನಲ್ಲಿ ಮಂದವಾಗಿ.

“ಅತ್ತೇ! ಕಚಗುಳಿ ಆಗ್ತೈತೆ! ಬೆರಳ್ಗೆ ಗೊತ್ತಾಗ್ತೈತೆ!”

ಅತ್ತೆ ರಾಗಿಹಿಟ್ಟಿನ ಕೈ ತೊಳೆದುಕೊಂಡು ಬಂದರು. ನಂಬಿಕೆ ಬರಲಿಲ್ಲವೋ ಏನೋ, ತಾವೂ ನನ್ನ ಕೈಯ ಪಕ್ಕ ಕೈ ಇಳಿಸಿದರು. ಆ ಎಂಟು ಸಿಗಡಿ ಸತ್ತ ಮೇಲೆ ಅವರು ತೊಟ್ಟಿಯೊಳಗೆ ಕೈ ಹಾಕಿದ್ದು ಅದೇ ಮೊದಲು. ಒಂದು ಸಿಗಡಿ ಹೋಗಿ ಅವರ ಹೆಬ್ಬೆರಳು ಹತ್ತಿತು, ಮೇಯಿತು. ಅತ್ತೆ ಹುಬ್ಬು ಗಂಟಿಕ್ಕಿ ಕಾದರು. ಕುರಿ ಹಗ್ಗ, ಕುಡುಗೋಲು, ಸೌದೆ ಹಿಡಿದು ಜಡ್ಡುಗಟ್ಟಿದ ಬೆರಳು.

“ನಂಗೇನೂ ಗೊತ್ತಾಗ್ನಿಲ್ವಲ್ಲಮ್ಮೀ” ಎಂದರು.

“ನಂಗೆ ಗೊತ್ತಾಗ್ತೈತೆ ಅತ್ತೆ.”

“ನಿಂಗೆ ಗೊತ್ತಾದ್ರೆ ಸಾಕು ಬುಡು” ಎಂದು ಅವರು ಅಳತೊಡಗಿದರು.

ಇನ್ನೂ ಎಂಟು ಬೆರಳು ಬಾಕಿ ಇವೆ. ಬರಬಹುದು, ಬಾರದಿರಬಹುದು, ಡಾಕ್ಟರು ಈಗಲೂ ಮಾತು ಕೊಡುವುದಿಲ್ಲ. ದಿನಾ ಬೆಳಿಗ್ಗೆ ನಾವಿಬ್ಬರೂ ಹೋಗಿ ತೊಟ್ಟಿಯ ಮುಂದೆ ಕೂರುತ್ತೇವೆ. ನಾನು ಕೈ ಇಳಿಬಿಡುತ್ತೇನೆ. ಅತ್ತೆ ಒಂದೊಂದೇ ಬೆರಳಿನ ಹೆಸರು ಹೇಳಿ ಕೇಳುತ್ತಾರೆ, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.