ಕಣ್ಣಿಗೊತ್ತಿಕೊಂಡ ನಾಣ್ಯ

ವಿಮಾನ ಮತ್ತೆ ರದ್ದಾಗಿದೆ ಎಂದು ಟೋಕಿಯೊದ ಟಿಕೆಟ್ ಕಚೇರಿಯಲ್ಲಿ ತಲೆ ಬಾಗಿಸಿ ಹೇಳಿದರು. ಮೈಸೂರಿನ ಆಸ್ಪತ್ರೆಯಲ್ಲಿ ಅಕ್ಕ ಕೊರೊನಾದಿಂದ ಮಲಗಿ ಆರು ದಿನ. ನಾನಿರುವ ಹಮಾಮತ್ಸು ಊರಿಗೆ ಮರಳುವ ರೈಲಿಗೆ ಇನ್ನೂ ಹೊತ್ತಿತ್ತು. ಎಲ್ಲಿ ಕೂರುವುದೆಂದು ತೋಚದೆ ಸ್ಟೇಷನ್ ಪಕ್ಕದ ಹಳೆಯ ನಾಣ್ಯಗಳ ಅಂಗಡಿಗೆ ನುಗ್ಗಿದೆ.

ಪ್ಲಾಸ್ಟಿಕ್ ಪರದೆಯ ಆಚೆ ಕುಳಿತಿದ್ದ ಮುದುಕರು, ಅಂಗಡಿಯ ಯಜಮಾನರಾದ ಮೋರಿ ಸಾನ್, ಒಂದು ಕಂಚಿನ ನಾಣ್ಯವನ್ನು ನನ್ನ ಅಂಗೈಗಿಟ್ಟರು. ರೋಮನ್ನರ ಆಳ್ವಿಕೆಯಲ್ಲಿ, ಈಗಿನ ಟರ್ಕಿಯ ಯಾವುದೋ ಊರಲ್ಲಿ ಟಂಕಿಸಿದ್ದಂತೆ. ಒಂದು ಬದಿ ಚಕ್ರವರ್ತಿಯ ಸವೆದ ಮುಖ. ಇನ್ನೊಂದು ಬದಿ ಗಡ್ಡದ ದೇವರು, ಅವನ ಕೋಲಿಗೆ ಸುತ್ತಿಕೊಂಡ ಹಾವು.

"ಯಾವ ದೇವರು?" ಎಂದೆ.

"ಅಸ್ಕ್ಲೇಪಿಯಸ್. ಕಾಯಿಲೆ ವಾಸಿ ಮಾಡುವವನು."

ನನ್ನ ಕೈ ನನ್ನನ್ನು ಕೇಳಲಿಲ್ಲ. ಮಂಗಳಾರತಿ ತೆಗೆದುಕೊಂಡವನ ಹಾಗೆ ನಾಣ್ಯವನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ.

"ಸುಮಿಮಾಸೆನ್, ಕ್ಷಮಿಸಿ! ಮುಖಕ್ಕೆ ಮುಟ್ಟಿಸಬೇಡಿ!" ಮೋರಿ ಸಾನ್ ಎದ್ದೇ ನಿಂತರು. ತಟ್ಟೆ ಮುಂದೊಡ್ಡಿ ನಾಣ್ಯ ಹಾಕಿಸಿಕೊಂಡರು. ನನ್ನ ಕೈಗೆ ಸ್ಯಾನಿಟೈಸರ್ ಹಾಕಿದರು. ಆಮೇಲೆ ದೇವರನ್ನು ಚಿಮುಟದಲ್ಲಿ ಎತ್ತಿ, ಸ್ಪಿರಿಟ್ ಬಟ್ಟೆಯಿಂದ ಎರಡು ಸಲ ಒರೆಸಿದರು. ಕಾಯಿಲೆ ವಾಸಿ ಮಾಡುವವನಿಗೂ ಸೋಂಕು ತಗಲಿಸಿಬಿಟ್ಟೆನೇನೋ ಅನ್ನಿಸಿತು.

ಅಷ್ಟರಲ್ಲಿ ಭಾವನ ಫೋನ್ ಬಂತು.

"ಇನ್ನು ಟಿಕೆಟ್ ನೋಡೋದು ಬಿಟ್ಬಿಡು ಕಣೋ. ಎಲ್ಲಾ ಮುಗೀತು. ನಮಗೇ ಮುಖ ತೋರಿಸ್ಲಿಲ್ಲ ಆಸ್ಪತ್ರೆಯವ್ರು, ಕವರಲ್ಲಿ ಸುತ್ತಿ ತಗೊಂಡು ಹೋಗ್ಬಿಟ್ರು."

ಪರದೆಯ ಆಚೆ ಮೋರಿ ಸಾನ್, ಕೂಗಿದ್ದಕ್ಕೆ ಕ್ಷಮಿಸಿ ಎಂದು, ಬಾಗಿ ಬಾಗಿ ಕೇಳಿಕೊಳ್ಳುತ್ತಲೇ ಇದ್ದರು.