ಹೂವಿನ ಅಪ್ಪಣೆ

ಮನೆಗೆ ಒಂದೇ ಮೊಬೈಲು ಇದ್ದ ಕಾಲ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು, ನಾಸಿಕ್ ಊರಿನ ಕಣ್ಣಿನ ಡಾಕ್ಟರು ಗುರುವಾರಕ್ಕೆ ಒಂದು ಕಣ್ಣಿನ ಆಪರೇಶನ್ ಗೊತ್ತು ಮಾಡಿದ್ದರು. ಅತ್ತೆಯೋ, ದೇವಿ ಹೂ ಕೊಡದೆ ಕಣ್ಣು ಮುಟ್ಟಗೊಡುವುದಿಲ್ಲವೆಂದು ಕೂತುಬಿಟ್ಟರು. ಮನೆದೇವರು ಸವದತ್ತಿಯ ಎಲ್ಲಮ್ಮ. ಗಂಡನ ಬ್ಯಾಂಕಿನ ವರ್ಗಾವಣೆಯಿಂದ ಕಲಬುರಗಿ ಬಿಟ್ಟು ನಾಸಿಕ್ ರೋಡಿಗೆ ಬಂದಿದ್ದ ನಮಗೆ, ಎರಡು ದಿನದಲ್ಲಿ ಸವದತ್ತಿ ಎಲ್ಲಿಯ ಮಾತು!

"ಇಲ್ಲೇ ಹತ್ರ ಚಾಂದವಡದಾಗ ರೇಣುಕಾ ಅದಾಳಲ್ಲ, ನಮ್ಮ ಎಲ್ಲವ್ವನೇ ಆಕಿ."

"ಆಕೀಗೆ ಕನ್ನಡ ಬರ್ತದೇನ್ರಿ ಅತ್ತಿ?"

"ನಿನಗಿಂತ ಛಲೋ ಬರ್ತದ. ನಡಿ ಸುಮ್ನ."

ಮಂಗಳವಾರ ಬಸ್ಸು ಹತ್ತಿದೆವು. ಗುಡಿಯಲ್ಲಿ ಪೂಜಾರಿಗೆ ನಾನೇ ಮರಾಠಿಯಲ್ಲಿ ತಿಳಿಸಿ ಹೇಳಿದೆ. ಅವರು ದೇವಿಯ ಮುಡಿಯ ಎರಡೂ ಬದಿಗೆ ಒದ್ದೆ ಹೂವಿಟ್ಟು ಸರಿದು ನಿಂತರು. ದೇವಿಯ ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ. ಅತ್ತೆ ಕೈಮುಗಿದು ತುಟಿ ಅಲ್ಲಾಡಿಸುತ್ತಿದ್ದರು. ಮುಂದೆ ನಡೆಯಿರೆಂದು ಹಿಂದಿನಿಂದ ಸಾಲು ತಳ್ಳುತ್ತಿತ್ತು. "ಚಲಾ ಮಾವ್ಶಿ, ಚಲಾ ಪುಢೇ!"

ಹೂವು ಬಿತ್ತು. ಎಡಗಡೆಯದು.

"ಬಿತ್ತೇನವಾ? ಯಾ ಕಡೀದು?" ಅವರಿಗೆ ಕಾಣುತ್ತಿದ್ದುದು ದೀಪದ ಮಬ್ಬು ಬೆಳಕಷ್ಟೇ.

"ಬಲಗಡೀದ್ರಿ," ಅಂದುಬಿಟ್ಟೆ.

"ಖರೇನ?"

"ಖರೇರಿ."

ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. ಕನ್ನಡ ತಿಳಿಯದ ಪೂಜಾರಿಗೂ ನನ್ನ ಸುಳ್ಳು ತಿಳಿದುಹೋಯಿತೇನೋ ಅನ್ನಿಸಿ, ತಲೆ ತಗ್ಗಿಸಿ ಹೊರಗೆ ಬಂದೆ.

ಆಮೇಲೆ ಕಾಲೋನಿಯ ಕನ್ನಡದ ಹೆಂಗಸರಿಗೆಲ್ಲ ಅತ್ತೆ ಹೇಳಿದ್ದೇ ಹೇಳಿದ್ದು: "ನಮ್ಮ ಸೊಸಿ ಕಣ್ಣಾರೆ ನೋಡ್ಯಾಳ!" ಕೇಳಿದಾಗಲೆಲ್ಲ ನಾನು ಅಡಿಗೆಮನೆಗೆ ಸರಿದುಬಿಡುತ್ತಿದ್ದೆ. ಅನ್ನ ಸೇರಲಿಲ್ಲ. ಗಂಡನಿಗೆ ಹೇಳೋಣವೆಂದು ಎರಡು ಸಲ ಬಾಯಿ ತೆರೆದು, ಚಹಾ ಬೇಕೇ ಎಂದು ಕೇಳಿ ಮುಚ್ಚಿಕೊಂಡೆ. ಕಣ್ಣು ಹೋದರೆ ಅದು ಡಾಕ್ಟರ ಕೈತಪ್ಪಲ್ಲ, ನನ್ನ ನಾಲಿಗೆಯದು.

ಗುರುವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ಸಿಟ್ಟಿದ್ದರ ನನ್ನ ಮ್ಯಾಲ ಇರಲಿ ತಾಯಿ, ನನ್ನದೊಂದು ಕಣ್ಣು ತಗೋ," ಎಂದು ಬೇಡಿಕೊಂಡೆ. ಎರಡೂ ತಗೋ ಎನ್ನುವಷ್ಟು ಧೈರ್ಯ ಬರಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದ ಡಾಕ್ಟರು ಎರಡು ಬೆರಳೆತ್ತಿ, "ಆಜಿ, ಕಿತೀ?" ಎಂದು ಎಣಿಸಲು ಹೇಳಿದರು. ಡಾಕ್ಟರು ಮತ್ತೆ ಕೇಳಿದರು. ನಾನು ಗೋಡೆ ಹಿಡಿದುಕೊಂಡೆ. ಅತ್ತೆ ಬೆರಳು ಬಿಟ್ಟು ನನ್ನತ್ತಲೇ ನೋಡುತ್ತಿದ್ದರು.

"ಏನವಾ, ಮಾರಿ ಯಾಕ ಹಿಂಗ ಬಾಡೇದ? ಉಣ್ಣೋದು ಬಿಟ್ಟೀಯೇನ?"